ಪಕ್ಕದ ಸೀಟಿನಲ್ಲಿ ತಂಗಿ

ಗೋಡೆಯ ಮೇಲಿನ ಕ್ಯಾಲೆಂಡರು ಇವತ್ತು ಮಂಗಳವಾರ ಎಂದರೆ ನಾನು ತಕ್ಷಣ ಒಪ್ಪುವವಳಲ್ಲ. ಬಾಗಿಲಿಗೆ ಬಿದ್ದ ಪತ್ರಿಕೆಯನ್ನು ಎತ್ತಿ ನೋಡಿ, ಅದೂ ಮಂಗಳವಾರವೆಂದೇ ಹೇಳಿದರೆ, ಇರಬಹುದು ಎಂದುಕೊಳ್ಳುತ್ತೇನೆ. ಹಾಲಿನವಳು ಹಾಲು ಅಳೆಯುವಾಗ ನನ್ನ ಕಣ್ಣು ಹಾಲಿನ ಮೇಲಿರುವುದಿಲ್ಲ, ಅವಳ ಹೆಬ್ಬೆರಳು ಪಾವಿನ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲಿರುತ್ತದೆ. ಯಾರಾದರೂ ‘ನೀವು ಸ್ವಲ್ಪ ತೆಳ್ಳಗಾಗಿದ್ದೀರಿ’ ಎಂದರೆ, ಇವರಿಗೆ ನನ್ನಿಂದ ಏನು ಆಗಬೇಕಾಗಿದೆ ಎಂದು ಯೋಚಿಸುತ್ತೇನೆ. ನೀವೂ ನನ್ನ ಜಾತಿಯವರೇ ಆಗಿದ್ದರೆ, ಇವಳು ಇಷ್ಟು ಸಲೀಸಾಗಿ ಇದನ್ನೆಲ್ಲ ಯಾಕೆ ಒಪ್ಪಿಕೊಳ್ಳುತ್ತಿದ್ದಾಳೆ ಎಂದು ಈಗಾಗಲೇ ಹುಬ್ಬು ಗಂಟಿಕ್ಕಿರುತ್ತೀರಿ.

ಇದರಲ್ಲಿ ಅರ್ಧ ತಪ್ಪು ನನ್ನ ನೌಕರಿಯದು. ಮನೆ ನಂಜನಗೂಡಿನಲ್ಲಿ, ಮೂವತ್ತು ವರ್ಷ ಕೆಲಸ ಮಾಡಿದ್ದು ಆಸ್ತಿಪತ್ರ ನೋಂದಾಯಿಸುವ ಕಚೇರಿಗಳಲ್ಲಿ. ನನ್ನ ಮೇಜಿಗೆ ಬಂದ ಪ್ರತಿಯೊಂದು ಕಾಗದವೂ ನಾನೇ ನಿಜ ಎಂದು ಹೇಳಿಕೊಂಡೇ ಬರುತ್ತಿತ್ತು. ಹೆಬ್ಬೆಟ್ಟು ಆ ಮುದುಕಿಯದೋ ಇಲ್ಲ ಪಕ್ಕದ ಮನೆಯ ಮುದುಕಿಯದೋ. ಜಮೀನಿನ ಮೂಡಲಿಗೆ ಹಳ್ಳ ಎಂದು ಬರೆದಿದ್ದರೆ ಅಲ್ಲಿ ಹಳ್ಳ ಇದೆಯೋ, ಇದ್ದರೆ ಮೂಡಲಿಗೇ ಇದೆಯೋ. ನಾನು ಪತ್ರವನ್ನು ಕೊನೆಯ ಪುಟದಿಂದ ಓದುತ್ತಿದ್ದೆ. ಸುಳ್ಳು ಬರೆಯುವವನು ಮೊದಲ ಪುಟದಲ್ಲಿ ಹುಷಾರಾಗಿರುತ್ತಾನೆ, ಕೊನೆಗೆ ಬರುವ ಹೊತ್ತಿಗೆ ಕೈ ಸೋತಿರುತ್ತದೆ. ಈ ಅಭ್ಯಾಸ ಮನೆಗೂ ಬಂದು ಪತ್ತೇದಾರಿ ಕಾದಂಬರಿಗಳನ್ನೂ ಕೊನೆಯಿಂದಲೇ ಓದತೊಡಗಿದೆ. ಕೊಲೆಗಾರ ಯಾರೆಂದು ಮೊದಲೇ ಗೊತ್ತಾಗಿಬಿಟ್ಟರೆ ಉಳಿದವರನ್ನು ನಿಧಾನವಾಗಿ ಅನುಮಾನಿಸಬಹುದು.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಸಂಸ್ಕೃತ ಮೇಷ್ಟರೊಬ್ಬರಿದ್ದಾರೆ. ಅವರು ಒಮ್ಮೆ ನನ್ನ ಈ ಗುಣಕ್ಕೆ ದೊಡ್ಡ ಪಟ್ಟವನ್ನೇ ಕಟ್ಟಿದರು. ಹಳೆಯ ತಾರ್ಕಿಕರು ಅನುಮಾನವನ್ನು ರೋಗವೆಂದು ಎಣಿಸಲಿಲ್ಲವಂತೆ, ತಿಳಿವಿಗೆ ಅದೂ ಒಂದು ದಾರಿ ಎಂದರಂತೆ. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಕೂತಲ್ಲೇ ತಿಳಿಯುವುದು. ಕಣ್ಣಾರೆ ಕಾಣುವುದಕ್ಕೆ ಮೊದಲ ಸ್ಥಾನ, ಇದಕ್ಕೆ ಎರಡನೆಯದು. ಇದನ್ನು ಕೇಳಿ ನಾನು ಎರಡು ದಿನ ಬೀಗಿದೆ. ಮೂರನೆಯ ದಿನ, ಮೇಷ್ಟರು ಇಷ್ಟೊಂದು ಹೊಗಳಿದ್ದು ಅವರ ಮನೆಯ ಖಾತೆ ಬದಲಾವಣೆಯ ಕೆಲಸಕ್ಕಿರಬಹುದೇ ಅನ್ನಿಸಿತು. ಅದಕ್ಕೇ ಆಗಿತ್ತು. ಆದರೂ ತಾರ್ಕಿಕರಿಗೂ ನಮಗೂ ಒಂದು ವ್ಯತ್ಯಾಸವಿದೆ ಎಂದು ನನಗೆ ಗೊತ್ತು. ಅವರು ಹೊಗೆ ಕಂಡು ಬೆಂಕಿ ಹುಡುಕಿದರು. ನಮ್ಮ ಮನೆಯವರು ಮೊದಲು ಬೆಂಕಿ ಇದೆ ಎಂದು ತೀರ್ಮಾನಿಸಿ, ಆಮೇಲೆ ಹೊಗೆ ಹುಡುಕಿಕೊಂಡು ಹೊರಡುತ್ತೇವೆ.

ನಮ್ಮ ಮನೆಯವರು ಎಂದೆನಲ್ಲ, ಉಳಿದರ್ಧ ತಪ್ಪು ನಮ್ಮವ್ವನದು. ನಮ್ಮ ತವರು ಕವಲಂದೆ. ಅಲ್ಲಿನ ಮನೆಯಲ್ಲಿ ಅವ್ವ ರಾಗಿ ತುಂಬಿದ ಮಣ್ಣಿನ ವಾಡೆಯ ಬಾಯಿ ಮುಚ್ಚುವ ಮುಂಚೆ ಕಾಳಿನ ಮೇಲೆ ಅಂಗೈ ಒತ್ತಿ ಗುರುತು ಮಾಡುತ್ತಿದ್ದಳು. ಯಾರಾದರೂ ಒಂದು ಸೇರು ತೆಗೆದರೂ ಆ ಗುರುತು ಕೆಡಬೇಕು. ಬೆಲ್ಲವನ್ನು ಹಾಸಿಗೆಯ ಮಡಿಕೆಯಲ್ಲಿ, ಬೀಗದ ಕೈಯನ್ನು ಹುರುಳಿ ಡಬ್ಬದಲ್ಲಿ, ಹುರುಳಿ ಡಬ್ಬವನ್ನು ಇನ್ನೆಲ್ಲೋ ಬಚ್ಚಿಡುತ್ತಿದ್ದಳು. ಎಷ್ಟೋ ಸಲ ಅವಳಿಗೇ ಸಿಗುತ್ತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಅವಳು ಕಲಿಸಿದ ಪಾಠಗಳೂ ಇಂಥವೇ. ಕಂಡವರ ಮನೆಯಲ್ಲಿ ಮೊದಲ ತುತ್ತು ಅವರು ತಿನ್ನುವವರೆಗೆ ತಿನ್ನಬೇಡಿ, ಮದ್ದು ಹಾಕಿರುತ್ತಾರೆ. ದಾರಿಯಲ್ಲಿ ಬಿದ್ದ ನಿಂಬೆಹಣ್ಣು ಮುಟ್ಟಬೇಡಿ. ಮೂರು ದಾರಿ ಕೂಡುವ ಕಡೆ ಹೂವು, ಅಕ್ಕಿ ಇಟ್ಟಿದ್ದರೆ ದಾಟಬೇಡಿ, ಯಾರೋ ನಿವಾಳಿಸಿ ಇಟ್ಟದ್ದು, ದಾಟಿದವರಿಗೆ ಸುತ್ತಿಕೊಳ್ಳುತ್ತದೆ.

ಆ ಇಬ್ಬರಲ್ಲಿ ದೊಡ್ಡವಳು ನಾನು. ಚಿಕ್ಕವಳು ಗೌರಮ್ಮಣ್ಣಿ, ನನಗಿಂತ ಐದು ವರ್ಷಕ್ಕೆ ಸಣ್ಣವಳು. ಅವಳನ್ನು ಕೊಟ್ಟದ್ದು ತಿ. ನರಸೀಪುರಕ್ಕೆ. ಅವ್ವ ತೀರಿಕೊಂಡ ದಿನ ನನಗಿಂತ ಮೊದಲೇ ಅವಳು ಕವಲಂದೆ ಮುಟ್ಟಿದ್ದಳು. ನಾನು ಹೋಗುವ ಹೊತ್ತಿಗೆ ಅವ್ವನ ಟ್ರಂಕಿನ ಬೀಗ ಎಡಕ್ಕೆ ವಾಲಿತ್ತು. ಅವ್ವ ಯಾವಾಗಲೂ ಬಲಕ್ಕೆ ವಾಲಿಸುತ್ತಿದ್ದಳು. ಕಾರ್ಯವೆಲ್ಲ ಮುಗಿಸಿ ಟ್ರಂಕು ತೆರೆದರೆ ಅವ್ವ ಕಿವಿಯ ಮೇಲ್ತುದಿಗೆ ಹಾಕಿಕೊಳ್ಳುತ್ತಿದ್ದ ಬುಗುಡಿಗಳು ಇರಲಿಲ್ಲ. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಒಮ್ಮೆ ತಂಗಿಯನ್ನು ನೋಡಿದೆ, ಅಷ್ಟೆ. ಅವಳೂ ನನ್ನನ್ನು ನೋಡಿದಳು. ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲವೂ ಆ ನೋಟದಲ್ಲೇ ಮುಗಿಯಿತು.

ಅಲ್ಲಿಂದ ಹನ್ನೊಂದು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಅವಳ ಮಗಳ ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ಬಂಧುಗಳ ಪಟ್ಟಿಯಲ್ಲಿ ನಮ್ಮ ಹೆಸರು ನಾಲ್ಕನೆಯ ಸಾಲಿನಲ್ಲಿತ್ತು. ಇದು ಬೇಕೆಂದೇ ಮಾಡಿದ್ದು ಎಂದು ನಾನು ಹೋಗಲಿಲ್ಲ. ಮದುವೆಯ ದಿನ ಹಿತ್ತಲಿನಲ್ಲಿ ಕೂತು ಇಡೀ ಬೆಳಗು ಅವರೆಕಾಯಿ ಬಿಡಿಸಿದೆ, ಆಮೇಲೆ ನೋಡಿದರೆ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕಿದ್ದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಬಸ್ಸು ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತದೆ, ದಿನಕ್ಕೆ ಎಷ್ಟು ಸಲವೋ. ಅದರ ಬೋರ್ಡು ಓದಬಾರದೆಂದು ತಲೆ ತಗ್ಗಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ನನಗೆ ಅವಳ ಮೇಲೆ ಕೋಪವಿತ್ತು ಎನ್ನುವುದು ನಿಜ. ಅವಳಿಲ್ಲದೆ ಬಹಳ ಒಂಟಿಯಾಗಿದ್ದೆ ಎನ್ನುವುದೂ ನಿಜ.

ಹೀಗಿರುವಾಗ ಒಂದು ಸಾಯಂಕಾಲ ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು, “ಬಾಲಿಗೆ ಓಗ್ಬುಟ್ಟು ಬರನ ಕಣಮ್ಮಿ, ಸಮುದ್ರ ನೋಡ್ಕಂಡು” ಎಂದರು. ಇವರ ಹೆಸರು ಶಿವಮಲ್ಲು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಕೊಡೆಯ ಕಡ್ಡಿ ಮುರಿದರೆ ಸೈಕಲ್ಲಿನ ಕಡ್ಡಿ ಹಾಕಿ ಹತ್ತು ವರ್ಷ ಓಡಿಸುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಕೂಡ ಕೃಷ್ಣರಾಜಸಾಗರದಿಂದ ಆಚೆಗೆ ನನ್ನನ್ನು ಕರೆದುಕೊಂಡು ಹೋದವರಲ್ಲ. ಇವರಿಗೆ ಏನೋ ದೊಡ್ಡ ಕಾಯಿಲೆ ಬಂದಿದೆ, ಡಾಕ್ಟರು ದಿನ ಹೇಳಿಬಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬುಗಳನ್ನೆಲ್ಲ ತಡಕಿದೆ. ಒಂದು ಬಾಚಣಿಗೆ, ಎರಡು ಬಸ್ ಟಿಕೆಟ್ಟು ಸಿಕ್ಕವು. ಡಾಕ್ಟರ ಚೀಟಿಯನ್ನು ಇಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದಾರೆಂದರೆ ಕಾಯಿಲೆ ಚಿಕ್ಕದಲ್ಲ ಎಂದುಕೊಂಡು ಬಟ್ಟೆ ಜೋಡಿಸತೊಡಗಿದೆ.

ಕಾಯಿಲೆ ಏನೆಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು. ಬೆಳಕು ಹರಿಯುವ ಹೊತ್ತಿಗೆ ನಂಜನಗೂಡು ಬಿಟ್ಟು, ಕಾರಿನಲ್ಲಿ ಸೊಂಟ ನೋಯಿಸಿಕೊಂಡು ಬಂದು ಇಳಿದರೆ, ಕಂಬದ ಪಕ್ಕದಲ್ಲಿ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ಗೌರಮ್ಮಣ್ಣಿ ನಿಂತಿದ್ದಳು. ಜೊತೆಗೆ ಅವಳ ಗಂಡ ಬಸವರಾಜು, ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರು. ಇಬ್ಬರು ಷಡ್ಡಕರೂ ಒಟ್ಟಿಗೆ ತಲೆಯೆತ್ತಿ ನಿಲ್ದಾಣದ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಗೌರಿ ತನ್ನ ಗಂಡನಿಗೆ, “ಇವ್ರೂ ಬತ್ತವ್ರೆ ಅಂತ ನೀವು ಏಳ್ನೇ ಇಲ್ವಲ್ಲ” ಎಂದಳು. ನಾನು ನನ್ನವರಿಗೆ, “ನನ್ನ ಟಿಕೆಟ್ ವಾಪಸ್ ಕೊಟ್ಬುಡಿ” ಎಂದೆ. “ವಾಪಸ್ ತಕ್ಕಳಲ್ವಂತೆ ಕಣಮ್ಮಿ, ಆಗ್ಲೇ ಕೇಳಿವ್ನಿ” ಎಂದರು ಅವರು, ಚಾವಣಿಯಿಂದ ಕಣ್ಣು ಇಳಿಸದೆ. ಆಗ್ಲೇ ಕೇಳಿವ್ನಿ ಎಂಬ ಮಾತಿನಲ್ಲಿ ಸಂಚಿನ ಪೂರ್ತಿ ನಕ್ಷೆ ನನಗೆ ಕಂಡಿತು.

ವಿಮಾನ ಐದು ಗಂಟೆ ತಡ. ಯಾವುದೋ ಭಾಗ ಸರಿಯಿಲ್ಲ, ನೋಡುತ್ತಿದ್ದಾರೆ ಎಂದರು. ಯಾವ ಭಾಗ ಎಂದು ಕೌಂಟರಿಗೆ ಹೋಗಿ ಕೇಳಿದೆ. ಸಣ್ಣ ಭಾಗ ಎಂದರು. ಸಣ್ಣದಾದರೆ ಐದು ಗಂಟೆ ಯಾಕೆ ಎಂದರೆ ಹಲ್ಲು ಬಿಟ್ಟು ನಕ್ಕರು. ಕೊನೆಗೆ ಹತ್ತಿಸಿದ ಮೇಲೆ ನೋಡಿದರೆ ಸೀಟುಗಳ ಹಂಚಿಕೆಯಲ್ಲೂ ಷಡ್ಡಕರ ಕೈಯಿತ್ತು. ಆಸ್ತಿಪತ್ರದಲ್ಲಿ ಜಮೀನಿನ ನಾಲ್ಕು ದಿಕ್ಕಿನ ಗಡಿ ಬರೆಯುತ್ತಾರಲ್ಲ, ಹಾಗೆ ಬರೆಯುವುದಾದರೆ ನನ್ನ ಸೀಟಿನ ಎಡಕ್ಕೆ ಕಿಟಕಿ ಹಿಡಿದು ಕೂತ ತಂಗಿ, ಬಲಕ್ಕೆ ಗೊರಕೆ ಹೊಡೆಯುವ ಅಪರಿಚಿತ, ಮುಂದಕ್ಕೆ ನನ್ನ ಮಂಡಿಯ ಮೇಲೇ ಒರಗಿಸಿದ ಒಬ್ಬರ ಬೆನ್ನು, ಹಿಂದಕ್ಕೆ ಉಸಿರು ಬಿಗಿಹಿಡಿದ ಇಬ್ಬರು ಗಂಡಸರು. ತಂಗಿಗೂ ನನಗೂ ನಡುವೆ ಕೈ ಇಡುವ ಎರಡು ಬೆರಳಗಲದ ಪಟ್ಟಿ. ಅವಳು ಇಡಲಿಲ್ಲ, ನಾನೂ ಇಡಲಿಲ್ಲ. ಇಟ್ಟವರು ಸೋತಂತೆ ಎಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಗಂಟೆಗಳ ಕಾಲ ಇಬ್ಬರೂ ಕೈಕಟ್ಟಿಕೊಂಡು ಹೊಡೆತ ತಿಂದ ಶಾಲೆಯ ಮಕ್ಕಳಂತೆ ಕೂತಿದ್ದೆವು.

ಅದರ ನಡುವೆ ಊಟ ಬಂತು. ಮುಚ್ಚಳ ತೆಗೆದು ನೋಡಿ ಇದೇನೆಂದು ತೀರ್ಮಾನವಾಗದೆ ಮತ್ತೆ ಮುಚ್ಚಿದೆ. ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ಗೌರಿ ಚೀಲದಿಂದ ಒಂದು ಪೊಟ್ಟಣ ತೆಗೆದು, ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು, ನನ್ನ ಮುಂದಿನ ಮಡಚುಮೇಜಿನ ಮೇಲೆ ನಾಲ್ಕು ಕೋಡುಬಳೆ ಇಟ್ಟಳು. ಹನ್ನೊಂದು ವರ್ಷದ ಮೇಲೆ ಯಾಕೆ ಕೊಡುತ್ತಿದ್ದಾಳೆ? ಅವ್ವನ ಪಾಠ ಕಿವಿಯಲ್ಲಿ ಮೊಳಗಿತು. ಅವಳು ಅದೇ ಪೊಟ್ಟಣದಿಂದ ಒಂದು ತೆಗೆದು ಕಡಿಯುವವರೆಗೆ ಕಾದೆ. ಅವಳು ಒಂದನ್ನು ಪೂರ್ತಿ ತಿಂದು ಮುಗಿಸಿದ ಮೇಲೆ, ಇನ್ನೂ ಐದು ನಿಮಿಷ ಅವಳಿಗೆ ಏನೂ ಆಗಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕನ್ನೂ ತಿಂದುಬಿಟ್ಟೆ. ಓಮ, ಎಳ್ಳು, ನೆತ್ತಿಗೆ ಹತ್ತುವ ಖಾರ, ಎಲ್ಲ ಅವ್ವನದೇ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂದದ್ದು ಎಂದು ತೋರಿಸಲು ಗಟ್ಟಿಯಾಗಿ ಮೂಗು ಸೀಟಿಕೊಂಡೆ.

ಕೌಲಾಲಂಪುರದಲ್ಲಿ ಇಳಿದು ಇನ್ನೊಂದು ವಿಮಾನಕ್ಕೆ ಏಳು ಗಂಟೆ ಕಾಯಬೇಕಾಗಿತ್ತು. ಅಲ್ಲಿ ನೆಲವೇ ನಮ್ಮನ್ನು ಹೊತ್ತುಕೊಂಡು ಮುಂದೆ ಹೋಗುತ್ತದೆ. ನನಗೆ ಆ ನೆಲದ ಮೇಲೆ ನಂಬಿಕೆ ಹುಟ್ಟಲಿಲ್ಲ. ಪಕ್ಕದ ಗಟ್ಟಿ ನೆಲದಲ್ಲೇ ನಡೆದೆ. ನೋಡಿದರೆ ಗೌರಿಯೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಗಂಡಸರು ನಿಂತಲ್ಲೇ ತೇಲಿಕೊಂಡು ಮುಂದೆ ಹೋದರು, ನಾವಿಬ್ಬರೂ ಹತ್ತು ಹೆಜ್ಜೆ ಅಂತರದಲ್ಲಿ ಹಿಂದೆ ಹಿಂದೆ ನಡೆದೆವು. ಅವಳ ಕಾಲು ಊದಿ ಬೂಟಿನ ದಾರ ಬಿಚ್ಚಿಕೊಂಡಿತ್ತು. ಹಿಂದಿನಿಂದ ಅವಳ ನಡಿಗೆ ನೋಡಿದೆ: ಎಡಭುಜ ಸ್ವಲ್ಪ ಇಳಿಬಿಟ್ಟು, ಸೆರಗನ್ನು ಬಲಗೈಯಲ್ಲಿ ಮುದುರಿ ಹಿಡಿದು. ಅವ್ವ ಕವಲಂದೆಯ ಸಂತೆಯಿಂದ ಬರುತ್ತಿದ್ದದ್ದು ಹೀಗೆಯೇ. ದಾರ ಕಟ್ಟಿಕೋ, ಬೀಳುತ್ತೀಯ ಎಂದು ಹೇಳಲು ನಾಲಿಗೆಯ ತುದಿಗೆ ಬಂತು. ಬದಲಿಗೆ ಯಜಮಾನರಿಗೆ ಫೋನು ಮಾಡಿ, ಅವರು ಷಡ್ಡಕರಿಗೆ ಹೇಳಿ, ಷಡ್ಡಕರು ವಾಪಸ್ ಬಂದು ಹೆಂಡತಿಗೆ ಹೇಳಿ, ಅಂತೂ ದಾರ ಕಟ್ಟಿಸಿದೆ.

ಎರಡನೆಯ ವಿಮಾನ ಇಳಿದ ಮೇಲಾದರೂ ಮುಗಿಯಿತು ಅಂದುಕೊಂಡರೆ, ಬಾಲಿಯಿಂದ ಇನ್ನೂ ಒಂದು ಚಿಕ್ಕ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕಂತೆ. ಅಲ್ಲಿ ಜನ ಕಡಿಮೆ, ಶಾಂತಿ ಜಾಸ್ತಿ ಎಂದು ಷಡ್ಡಕರು ಆರಿಸಿದ್ದರು. ಓಡಿಹೋಗಲು ಬಸ್ಸಿಲ್ಲದ ಜಾಗ ಆರಿಸಿದ್ದಾರೆ ಎಂದು ನಾನು ಓದಿಕೊಂಡೆ. ದೋಣಿ ಅಲೆಯ ಮೇಲೆ ಎದ್ದೆದ್ದು ಬೀಳತೊಡಗಿದಾಗ ಗೌರಿಯ ಮುಖ ಬೆಳ್ಳಗಾಯಿತು, ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕೈಚೀಲದಲ್ಲಿ ವಾಂತಿಗೆಂದು ಇಟ್ಟುಕೊಂಡ ನಿಂಬೆಹಣ್ಣಿತ್ತು. ಮೂಸಿ ನೋಡಲಿ ಎಂದು ಅದನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಹಾವು ಬಿದ್ದಂತೆ ಬೆಚ್ಚಿ, ಸೆರಗಿನ ತುದಿಯಿಂದ ಹಿಡಿದು ಅದನ್ನು ಸಮುದ್ರಕ್ಕೆ ಎಸೆದಳು. ಆಮೇಲೆ ಮೂರು ಸಲ ವಾಂತಿ ಮಾಡಿಕೊಂಡಳು. ನಾಲ್ಕು ಕೋಡುಬಳೆ ತಿಂದ ಋಣಕ್ಕೆ ಕೊಟ್ಟರೆ ಹೀಗೆ ಮಾಡಿದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮನೆ ಬಿಟ್ಟು ಮೂವತ್ತೊಂದು ಗಂಟೆಗೆ ನಾವು ದಡ ಮುಟ್ಟಿದೆವು.

ಜಾಗ ಚೆನ್ನಾಗಿತ್ತು. ಚೆನ್ನಾಗಿರುವುದರಿಂದಲೇ ಇದರಲ್ಲೇನೋ ಇದೆ ಎನ್ನಿಸಿತು. ಹುಲ್ಲು ಹೊದಿಸಿದ ಪುಟ್ಟ ಪುಟ್ಟ ಮನೆಗಳು, ನಮ್ಮದೊಂದು, ಪಕ್ಕದ್ದು ಅವರದು, ನಡುವೆ ಎದೆಮಟ್ಟದ ದಾಸವಾಳದ ಬೇಲಿ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮೆಟ್ಟಿಲ ಮೇಲೆ ಎಳೆಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆ. ಅದರಲ್ಲಿ ಕೆಂಪು, ಹಳದಿ, ಬಿಳಿ ಹೂವು, ನಾಲ್ಕು ಅಗುಳು ಅನ್ನ, ಮೇಲೆ ಉರಿಯುತ್ತಿರುವ ಊದುಬತ್ತಿ. ಮೂವತ್ತು ವರ್ಷ ಸರ್ಕಾರಿ ಸಂಬಳ ತಿಂದವಳು, ಮೌಢ್ಯದ ವಿರುದ್ಧ ಕಚೇರಿಯಲ್ಲಿ ಕೈ ಮುಂದೆ ಮಾಡಿ ಪ್ರತಿಜ್ಞೆ ತೆಗೆದುಕೊಂಡವಳು, ನಿಂತಲ್ಲೇ ಬೆವತುಹೋದೆ. ಮೇಷ್ಟರು ಹೇಳಿದ ಬೆಟ್ಟದ ಹೊಗೆ ಈಗ ನನ್ನ ಕಾಲ ಬುಡದಲ್ಲೇ ಏಳುತ್ತಿತ್ತು. ಗುರುತು ಪರಿಚಯವಿಲ್ಲದ ಈ ದ್ವೀಪದಲ್ಲಿ ನನ್ನ ಮೇಲೆ ಮಾಟ ಮಾಡುವಷ್ಟು ಹತ್ತಿರದವರು ಇನ್ನು ಯಾರಿದ್ದಾರೆ?

ದಾಟಲಿಲ್ಲ. ಬಟ್ಟೆ ನೇತುಹಾಕುವ ಹ್ಯಾಂಗರು ತಂದು, ಅದರ ಕೊಕ್ಕೆಯಿಂದ ತಟ್ಟೆಯನ್ನು ಸಿಕ್ಕಿಸಿ ಎತ್ತಿ, ಮುಖ ತಿರುಗಿಸಿಕೊಂಡು ಬೇಲಿಯ ಸಂದಿಯಿಂದ ಆಚೆ ಬದಿಗೆ ಇಳಿಸಿದೆ. ಮೂರು ಸಲ ಉಗಿದು ಒಳಗೆ ಬಂದು ಕೈಕಾಲು ತೊಳೆದುಕೊಂಡೆ. ಯಜಮಾನರಿಗೆ ಹೇಳಲಿಲ್ಲ; ಅವರು ಈಗ ನನ್ನ ಲೆಕ್ಕದಲ್ಲಿ ಎದುರು ಪಕ್ಷ. ಎರಡನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹೊಸದೊಂದು, ಬೇಲಿಯ ನನ್ನ ಕಡೆಯ ಬದಿಯಲ್ಲಿ ಬಾಡಿದವು ಎರಡು. ಇನ್ನು ಯಾವ ಸಾಕ್ಷಿ ಬೇಕು? ಮೂರನ್ನೂ ಅವಳ ಕಡೆಗೆ ದಾಟಿಸಿದೆ. ಆ ದಿನ ಊಟದ ಮೇಜಿನಲ್ಲಿ ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. ನಾನೂ ಬಿಡಲಿಲ್ಲ. ಗಂಡಸರು ತಟ್ಟೆಗೆ ಮುಖ ಹಾಕಿಕೊಂಡು ಹವಾಮಾನ ಮಾತಾಡಿದರು.

ಮೂರನೆಯ ಬೆಳಿಗ್ಗೆ, ಇಡುವಾಗಲೇ ಅವಳನ್ನು ಹಿಡಿಯುವುದು ಸರಿ ಎಂದು ಸೂರ್ಯ ಹುಟ್ಟುವ ಮುಂಚೆಯೇ ಎದ್ದು ಹ್ಯಾಂಗರು ಹಿಡಿದು ಹೊರಗೆ ಬಂದೆ. ಬೇಲಿಯ ಸಂದಿಯಲ್ಲಿ ಕೊಡೆಯ ತುದಿಯೊಂದು ಈಚೆಗೆ ಬರುತ್ತಿತ್ತು. ಆ ತುದಿಯಲ್ಲಿ ಗರಿಯ ತಟ್ಟೆ ತೂಗಾಡುತ್ತಿತ್ತು. ಕೊಡೆಯ ಆಚೆ ತುದಿಯಲ್ಲಿ ಗೌರಿ.

“ಬಾ, ನಿನ್ನೇ ಕಾಯ್ತಿದ್ದೆ” ಎಂದಳು. ಹನ್ನೊಂದು ವರ್ಷದ ಮೇಲೆ ನನ್ನ ತಂಗಿ ನನಗೆ ಆಡಿದ ಮೊದಲ ಮಾತು. “ಅನ್ನೊಂದು ವರ್ಸ ಮಾತಾಡ್ನಿಲ್ಲ, ಓಗ್ಲಿ. ದೋಣೀಲಿ ನಿಂಬೆಅಣ್ಣು ಮಡಿಲಿಗ್ ಆಕ್ದೆ, ಈಗ ದಿನಾ ಬಾಗ್ಲಿಗೆ ಊವು ಮಡಗ್ತಿದ್ದೀಯಲ್ಲ, ನಿಂಗೆ ನಾನೇನ್ ಮಾಡಿದ್ನೇ ಅಕ್ಕ?”

“ನಾನ್ ಮಡಗಿದ್ನಾ? ನನ್ ಬಾಗ್ಲಿಗೆ ತಂದ್ ತಂದ್ ಮಡಗ್ತಿರೋಳು ನೀನು ಕಣೆ!” ಎಂದೆ. ನನ್ನ ಕಚೇರಿ ಭಾಷೆಯೆಲ್ಲ ಎಲ್ಲಿ ಹೋಯಿತೋ, ಬಾಯಲ್ಲಿ ಅಪ್ಪಟ ಕವಲಂದೆ ಬಂತು.

ಇಷ್ಟು ಹೊತ್ತಿಗೆ ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ದೊಡ್ಡ ತಟ್ಟೆಯೊಂದನ್ನು ಹೊತ್ತು ಬಂದಳು. ಅದರ ತುಂಬ ಇಂಥವೇ ಇಪ್ಪತ್ತೋ ಮೂವತ್ತೋ. ನನ್ನ ಮೆಟ್ಟಿಲ ಮೇಲೆ ಒಂದನ್ನು ಇಟ್ಟು, ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ಹೂವಿನಿಂದ ನೀರು ಚಿಮುಕಿಸಿದಳು. ಗೌರಿಯ ಮೆಟ್ಟಿಲಿಗೆ ಹೋಗಿ ಹಾಗೇ ಮಾಡಿದಳು. ಅದರಾಚೆಯ ಮನೆಗೆ ಹೋದಳು. ಹಿಂತಿರುಗಿ ಬರುವಾಗ ಹ್ಯಾಂಗರು ಹಿಡಿದ ನನ್ನನ್ನೂ ಕೊಡೆ ಹಿಡಿದ ಅವಳನ್ನೂ ಕಂಡು, ಏನೆಂದು ಗೊತ್ತಾಗದೆ ನಕ್ಕು, ಆಕಾಶ ತೋರಿಸಿ, ನೆಲ ತೋರಿಸಿ, ನಮ್ಮಿಬ್ಬರ ಎದೆ ತೋರಿಸಿ, ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ದೇವರಿಗೆ. ದಿನವೂ. ಎಲ್ಲ ಬಾಗಿಲಿಗೂ. ನಿಮಗೆ ಒಳ್ಳೆಯದಾಗಲಿ ಎಂದು. ಆಮೇಲೆ ಕೊಡೆಯ ತುದಿಯಿಂದ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ಬೇಲಿಯ ಬುಡದಲ್ಲಿಟ್ಟು ಹೋದಳು. ಆ ಹೆಂಗಸಿನ ಬೆನ್ನಿಗೆ ನಾನು ಕೈಮುಗಿದೆ. ಎರಡು ದಿನದಿಂದ ಆಶೀರ್ವಾದಕ್ಕೆ ಉಗಿಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಗಬೇಕಾದ ಜಾಗ ಅದು. ಆದರೆ ಗೌರಿ ನಗಲಿಲ್ಲ, ಕೊಡೆ ಕೆಳಗೆ ಹಾಕಿ ತನ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. “ಮಗೀನ ಮದ್ವೆಗೂ ಬರ್ನಿಲ್ಲ ನೀನು. ಕೊನೆ ಪಂಕ್ತಿ ಗಂಟ ನಿಂದೊಂದು ಎಲೆ ಆಕ್ಸಿ ಮಡಗಿದ್ದೆ. ಬಡಿಸೋರು ಎತ್ತನಾ ಎತ್ತನಾ ಅಂತಿದ್ರು. ಬತ್ತಳೆ ಇರಿ, ನಂಜನಗೂಡ್ ಬಸ್ಸು ತಡ ಅಂತಿದ್ದೆ” ಎಂದಳು. ಬಂಧುಗಳ ಪಟ್ಟಿಯಲ್ಲಿ ಎಷ್ಟನೆಯ ಸಾಲು ಎಂದು ನಾನು ಎಣಿಸಿದ ಮದುವೆ ಅದು.

ಕಡೆಗೂ ಕೇಳಿದೆ. “ಅವ್ವನ ಟ್ರಂಕು ನೀನೇ ತೆಗ್ದಿದ್ದಾ ಗೌರಿ?”

“ಊ ಕಣಕ್ಕ, ನಾನೇ ತೆಗ್ದೆ. ಅವ್ವುಂಗೆ ಉಡ್ಸಕ್ಕೆ ಒಳ್ಳೆ ಸೀರೆ ಬೇಕಿತ್ತಲ್ಲ, ನೀನು ಬರೋದು ಒತ್ತಾಯ್ತು. ಬುಗುಡಿ ಆಗ್ಲೇ ಇರ್ನಿಲ್ಲ. ಆಸ್ಪತ್ರೆಗೆ ಕರ್ಕಂಡೋದಾಗ ನೀನು ಬಿಚ್ಚಿ ಮಡಿಕ್ಕಂಡೆ ಅನ್ಕಂಡಿದ್ದೆ ನಾನು.”

ಇಷ್ಟೇ. ಮೂವತ್ತು ವರ್ಷ, ಎರಡೂ ಕಡೆಯವರನ್ನು ಎದುರು ಕೂರಿಸಿ ಕೇಳದೆ ಒಂದೇ ಒಂದು ಪತ್ರವನ್ನು ಮುಂದೆ ಕಳಿಸದವಳು ನಾನು. ಒಡಹುಟ್ಟಿದವಳನ್ನು ಒಂದು ಮಾತು ಕೇಳಿರಲಿಲ್ಲ. ಅವ್ವ ಆಸ್ಪತ್ರೆಗೆ ಹೊರಟ ದಿನ ಕಿವಿ ಬರಿದಾಗಿತ್ತು ಎನ್ನುವುದು ಈಗ ನೆನಪಾಯಿತು. ನರ್ಸುಗಳನ್ನು ನಂಬದೆ, ಹೊರಡುವ ಮುಂಚೆ ಅವಳೇ ಎಲ್ಲೋ ಬಚ್ಚಿಟ್ಟಿರಬೇಕು. ಗೋಡೆಯ ಯಾವ ಸಂದಿಗೆ ಸೇರಿಸಿದ್ದಳೋ. ಆ ಮಣ್ಣಿನ ಮನೆಯನ್ನು ನಮ್ಮ ದಾಯಾದಿಗಳು ಕೆಡವಿ, ಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆದು ಎಷ್ಟೋ ವರ್ಷವಾಯಿತು. ಕವಲಂದೆಯ ಯಾವುದೋ ಹುರುಳಿ ಹೊಲದಲ್ಲಿ ಆ ಬುಗುಡಿ ಈಗ ಭದ್ರವಾಗಿರಬಹುದು, ಅವ್ವ ಬಯಸಿದಂತೆ, ಯಾರ ಕೈಗೂ ಸಿಗದೆ. ಬೇಲಿ ಬಳಸಿ ಅವಳ ಮುಂದೆ ಬಂದು, “ತಪ್ಪಾಯ್ತು ಕಣೆ” ಎಂದೆ. ಅವಳು ಪಕ್ಕಕ್ಕೆ ಸ್ವಲ್ಪ ಸರಿದು ಮೆಟ್ಟಿಲಲ್ಲಿ ಜಾಗ ಬಿಟ್ಟಳು.

ಆ ಸಂಜೆ ಮೊದಲ ಸಲ ನೀರಿಗೆ ಇಳಿದೆವು. ಅಷ್ಟು ದೂರ ಬಂದು ಮೂರು ದಿನ ಸಮುದ್ರದ ಕಡೆಗೆ ಬೆನ್ನು ಹಾಕಿಯೇ ಕೂತಿದ್ದೆವು ಎಂದು ಆಗ ಹೊಳೆಯಿತು. ನಮ್ಮೂರ ಕಪಿಲೆ ಹೊಳೆಗಾದರೆ ಆಚೆ ದಡ ಅಂತ ಒಂದಿದೆ, ಇಂಥ ಕಡೆಯಿಂದ ಬಂದು ಇಂಥ ಕಡೆಗೆ ಹೋಗುತ್ತಾಳೆ ಎಂಬ ನಿಯತ್ತಿದೆ. ಇದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಯಾವುದಕ್ಕೂ ಕಾರಣ ಹೇಳುವುದಿಲ್ಲ. ಬೆಚ್ಚಗಿದೆ, ತಿಳಿಯಾಗಿದೆ, ಮಗುವಿನಂತೆ ಬಂದು ಪಾದ ನೆಕ್ಕುತ್ತದೆ. ಅದೇ ಹೊತ್ತಿನಲ್ಲಿ ಕಾಲ ಕೆಳಗಿನ ಮರಳನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತಿರುತ್ತದೆ. ಇಷ್ಟು ನಯವಾಗಿ ಮೋಸ ಮಾಡುವವರನ್ನು ನಾನು ಕಚೇರಿಯಲ್ಲೂ ಕಂಡಿರಲಿಲ್ಲ. ಗಂಡಸರಿಬ್ಬರೂ ದಡದಲ್ಲಿ ಎಳನೀರು ಕುಡಿಯುತ್ತಾ, ತಾವು ಗೆದ್ದೆವೋ ಇಲ್ಲವೋ ಎಂದು ತಿಳಿಯದೆ ದೂರದಿಂದಲೇ ನಮ್ಮ ಮುಖ ಓದಲು ಹೆಣಗುತ್ತಿದ್ದರು.

ನೀರು ಮಂಡಿಯ ಮಟ್ಟಕ್ಕೆ ಬಂದಾಗ ಒಂದು ದೊಡ್ಡ ಅಲೆ ಏಳುವುದು ಕಂಡಿತು. ಯೋಚನೆ ಮಾಡುವ ಮುಂಚೆಯೇ ನಾನು ಗೌರಿಯ ಕೈ ಹಿಡಿದುಕೊಂಡಿದ್ದೆ. ಅವಳ ಮೇಲೆ ಒಮ್ಮೆಗೇ ನಂಬಿಕೆ ಉಕ್ಕಿ ಬಂದು ಹಿಡಿದದ್ದಲ್ಲ, ಹಾಗೆ ಹೇಳಿದರೆ ನೀವೇ ನಂಬುವುದಿಲ್ಲ. ಸಮುದ್ರದ ಮೇಲೆ ಇದ್ದಷ್ಟು ಅನುಮಾನ ಅವಳ ಮೇಲೆ ಇರಲಿಲ್ಲ, ಅಷ್ಟೆ. ನಮ್ಮಂಥವರಿಗೆ ಅಷ್ಟು ಸಾಕಾಗುತ್ತದೆ.

ಅಲೆ ಹೋಯಿತು. “ಯಾಕಕ್ಕ, ಎದ್ರಿಕಂಡ್ಯಾ?” ಎಂದಳು ಗೌರಿ.

“ನಂಗ್ಯಾಕೆ ಎದ್ರಿಕೆ? ನೀನು ಬಿದ್ದುಗಿದ್ದೀಯ ಅಂತ ಇಡ್ಕಂಡೆ.”

“ಸುಳ್ಳು” ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು. ಕೈ ಮಾತ್ರ ಬಿಡಲಿಲ್ಲ. ನಮ್ಮ ವಂಶದಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಪಟ್ಟ ಅನುಮಾನ ನೂರಕ್ಕೆ ನೂರು ಸರಿಯಾಗಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.